ನೂಲು ಕಟ್ಟಿದ ಮರ

ಅರೆಯುವ ಕಲ್ಲಿನ ಮೇಲಿದ್ದ ತೊಗಟೆಯನ್ನೆಲ್ಲ ಪ್ರಫುಲ್ಲಾ ಬಾಚಿ ತೆಗೆದು ಅಂಗಳದ ಮಳೆನೀರಿಗೆ ಎಸೆದಳು. ಆಟಿ ತಿಂಗಳ ಅಮಾವಾಸ್ಯೆಯ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಪಾಲೆ ಮರದ ಕಷಾಯ ಕುಡಿದರೆ ಮಳೆಗಾಲದಲ್ಲಿ ಕೆಟ್ಟ ಹೊಟ್ಟೆ ಮತ್ತೆ ವರ್ಷವಿಡೀ ತಕರಾರು ಮಾಡುವುದಿಲ್ಲವೆಂದು ಊರಿಗೆ ಊರೇ ನಂಬಿತ್ತು, ಅವಳೂ ನಂಬಿದ್ದಳು. ಆದರೆ ಪಾಲೆಯ ತೊಗಟೆ ಜಜ್ಜಿದರೆ ಹಾಲು ಒಸರಿ ಬೆರಳಿಗೆ ಅಂಟಬೇಕು. ಇದನ್ನು ಎಷ್ಟು ಜಜ್ಜಿದರೂ ಒಂದು ತೊಟ್ಟು ಹಾಲಿಲ್ಲ. ಪಾಲೆಯ ಪಕ್ಕದಲ್ಲಿ ನಿಂತಿರುವ ಮರ ಯಾವುದೆಂದು ಅವಳಿಗೆ ಗೊತ್ತಿತ್ತು.

"ಅಣ್ಣಾ, ಇದು ಪಾಲೆ ಅಲ್ಲ, ಕಾಸರಕ. ಮಕ್ಕಳು ಒಳಗೆ ಲೋಟ ಹಿಡಿದು ಕೂತಿದ್ದಾರೆ. ಮನೆಮಂದಿಗೆಲ್ಲ ವಿಷ ಕುಡಿಸಲಿಕ್ಕೆ ಹೊರಟದ್ದಾ ನೀವು?"

ಮಿಂದು ಬಂದು ಜಗಲಿಯಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ ಸರ್ವೋತ್ತಮ ಬೈರಾಸು ಕೆಳಗಿಳಿಸಿದ. ಮನೆಯ ಯಜಮಾನನ ಹತ್ತಿರ ತಂಗಿ ಹೀಗೆ ಮಾತಾಡಿದ್ದು ಅದೇ ಮೊದಲು.

"ಎಂತ ಹೇಳುವುದು ನೀನು? ನಿನ್ನೆ ಸಂಜೆಯೇ ಹೋಗಿ ಮರಕ್ಕೆ ನೂಲು ಕಟ್ಟಿ ಬಂದಿದ್ದೇನೆ. ಬೆಳಗ್ಗೆ ಆ ನೂಲನ್ನು ತಡವಿ ನೋಡಿಯೇ ತೊಗಟೆ ತೆಗೆದದ್ದು. ಮರ ಯಾವುದೆಂದು ನನಗೆ ನೀನು ಕಲಿಸುವುದು ಬೇಡ."

ಕ್ರಮವೇನೋ ಹಾಗೆಯೇ. ಸೂರ್ಯ ಹುಟ್ಟುವ ಮೊದಲು, ಕತ್ತಿ ತಾಗಿಸದೆ, ಕಲ್ಲಿನಿಂದ ಕುಟ್ಟಿಯೇ ತೊಗಟೆ ಎಬ್ಬಿಸಬೇಕು. ಕತ್ತಲೆಯಲ್ಲಿ ಮರ ತಪ್ಪಬಾರದೆಂದು ಹಿಂದಿನ ದಿನ ಬೆಳಕಿರುವಾಗಲೇ ನೂಲು ಕಟ್ಟಿ ಗುರುತು ಮಾಡಬೇಕು. ಇಂಥ ಯಜಮಾನರೂ ಇರುತ್ತಾರೆಂದು ಗೊತ್ತಿದ್ದೇ ಹಿರಿಯರು ಇಷ್ಟೆಲ್ಲ ಜಾಗ್ರತೆ ಮಾಡಿಟ್ಟಿರಬೇಕು ಎಂದು ಪ್ರಫುಲ್ಲಾ ಹಲ್ಲು ಕಚ್ಚಿದಳು. ಮರುಕ್ಷಣವೇ ಅವಳಿಗೆ ನೆರೆಮನೆಯ ನೆನಪಾಯಿತು.

"ಬರ್ತಾಬಾಯಿಗೆ ಕೊಟ್ಟಿರಾ?"

"ಕೊಡದೆ ಇರುತ್ತೇನಾ? ಕತ್ತಲೆ ಬಿಡುವ ಮೊದಲೇ, ಬರುವಾಗಲೇ ಕೊಟ್ಟು ಬಂದೆ."

ಅವಳು ಕೊಡೆಗೂ ಕಾಯಲಿಲ್ಲ. ಸೀರೆ ಎತ್ತಿ ಕಟ್ಟಿ ಗದ್ದೆಯ ಹುಣಿಯ ಮೇಲೆ ಓಡಿದಳು. ನೆರೆಮನೆಯವರು ಕ್ರಿಸ್ತಾನರಾದರೂ ಆಟಿಯ ಮದ್ದು ಬಿಟ್ಟವರಲ್ಲ. ಅದೂ ಸರ್ವೋತ್ತಮನ ಕೈಯಿಂದಲೇ ಬರಬೇಕು. ಬರ್ತಾಬಾಯಿಯ ಗಂಡ ಜೋಕಿಮ್ ಪೊರ್ಬುಗಳಿಗೆ ರೇಶನ್ ಅಕ್ಕಿಯ ಕಾಲದಲ್ಲಿ ಕೆಟ್ಟ ಹೊಟ್ಟೆ ಬೇರೆ ಯಾವ ಔಷಧಿಗೂ ಬಗ್ಗುತ್ತಿರಲಿಲ್ಲ. ಈಗ ಅವರು ಅದನ್ನು ಕುಡಿದು ಮಲಗಿಬಿಟ್ಟಿದ್ದರೆ? ಕೆಸರಿನಲ್ಲಿ ಕಾಲು ಹೂತಾಗಲೆಲ್ಲ ಪ್ರಫುಲ್ಲಾ ಅಣ್ಣನಿಗೆ ಬಾಯಿಗೆ ಬಂದಂತೆ ಬೈದಳು.

ಆ ಮನೆಯ ಜಗಲಿಯಲ್ಲಿ ಒದ್ದೆ ಕೊಡೆಗಳನ್ನು ಬಿಡಿಸಿಟ್ಟಿದ್ದರು. ಅಡುಗೆಮನೆಯಲ್ಲಿ ಬರ್ತಾಬಾಯಿ ಮದ್ದಿನ ಕ್ರಮದಂತೆ ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಇಕ್ಕಳದಲ್ಲಿ ಹಿಡಿದು ಕಷಾಯದ ಪಾತ್ರೆಗೆ ಆಗ ತಾನೆ ಬಿಟ್ಟಿದ್ದಳು. ಕಲ್ಲು ಚುಂಯ್ ಎಂದಿತು. ಪ್ರಫುಲ್ಲಾ ನುಗ್ಗಿದವಳೇ ಪಾತ್ರೆಯನ್ನು ನೆಲಕ್ಕೆ ಮಗುಚಿದಳು.

"ಯಾರಾದರೂ ಕುಡಿದಿರಾ? ಮೊದಲು ಅದು ಹೇಳಿ."

"ಇಲ್ಲ ಪ್ರಫುಲ್ಲಕ್ಕ," ಬರ್ತಾಬಾಯಿ ಗಾಬರಿಯಿಂದ ಹಿಂದೆ ಸರಿದಳು. "ಇವತ್ತು ಭಾನುವಾರ ಅಲ್ವಾ? ಪೂಜೆ ಮುಗಿಯುವವರೆಗೆ ನಾವು ಬಾಯಿಗೆ ಎಂತದೂ ಹಾಕುವ ಹಾಗಿಲ್ಲ. ಅರೆದು ಮುಚ್ಚಿಟ್ಟು ಇಗರ್ಜಿಗೆ ಹೋದದ್ದು. ಈಗಷ್ಟೇ ಬಂದೆವು."

ಅದು ಪಾಲೆಯಲ್ಲ, ಕಾಸರಕ ಎಂದು ಪ್ರಫುಲ್ಲಾ ಹೇಳಿದಳು. ವಿಷಯ ಕೇಳಿದ ಬರ್ತಾಬಾಯಿ ಶಿಲುಬೆಯ ಗುರುತು ಹಾಕಿಕೊಂಡಳು. ಒಂದು ಮಾತು ಬೈದಿದ್ದರೂ ಪ್ರಫುಲ್ಲಾಳಿಗೆ ಸಮಾಧಾನವಾಗುತ್ತಿತ್ತು. ಬರ್ತಾಬಾಯಿ ಬೈಯಲಿಲ್ಲ, ದನಿ ತಗ್ಗಿಸಿ ಹೇಳಿದಳು: "ಮೊನ್ನೆ ನಿಮ್ಮ ಅಣ್ಣ ದಾರಿಯಲ್ಲಿ ಸಿಕ್ಕಿ, 'ಏನು ಪೊರ್ಬುಗಳೇ, ಪೇಟೆಗಾ?' ಎಂದು ನನ್ನ ಹತ್ತಿರ ಕೇಳಿದರು. ತಮಾಷೆ ಮಾಡುತ್ತಾರೆಂದು ನಾನು ನಕ್ಕುಬಿಟ್ಟೆ."

ಹಿಂದೆ ಬರುವಾಗ ಪ್ರಫುಲ್ಲಾ ಗುಡ್ಡೆಯ ಬುಡದಲ್ಲಿ ನಿಂತು ನೋಡಿದಳು. ಕಾಸರಕದ ಬೊಡ್ಡೆಗೆ ಬಿಳಿ ನೂಲನ್ನು ಅಚ್ಚುಕಟ್ಟಾಗಿ ಸುತ್ತಿ ಗಂಟು ಹಾಕಿತ್ತು. ನಾಲ್ಕು ಮಾರು ಆಚೆ ಪಾಲೆ ಮರ ತನ್ನ ಪಾಡಿಗೆ ನಿಂತಿತ್ತು. ಮಂಗಳೂರಿಗೆ ಹೋಗಿ ಕಣ್ಣು ತೋರಿಸಿ ಬರುವ ಎಂದು ಅವಳು ಎಷ್ಟು ಸಲ ಹೇಳಿರಲಿಲ್ಲ? ಪ್ರತಿ ಸಲವೂ ಅಣ್ಣ ಹುಬ್ಬು ಗಂಟಿಕ್ಕಿ ಎದ್ದು ಹೋಗಿದ್ದ. ಯಜಮಾನನ ಕಣ್ಣು ಮಂಜಾಯಿತೆಂದು ಊರಿಗೆ ತಿಳಿದರೆ ಅವನ ಮರ್ಯಾದೆ ಹೋಗುತ್ತದಂತೆ. ಆ ಮರ್ಯಾದೆಗೆ ಇವತ್ತು ಎರಡು ಮನೆಯ ಜೀವಗಳು ಹೋಗುತ್ತಿದ್ದವು.

ಸರ್ವೋತ್ತಮ ಜಗಲಿಯಲ್ಲೇ ಕುಳಿತಿದ್ದ. ಅವಳು ಅಂಗಳದ ನಡುವೆ ನಿಂತಳು.

"ನೂಲು ಕಾಸರಕದ ಮರದಲ್ಲುಂಟು ಅಣ್ಣ. ಈಗ ನೋಡಿ ಬಂದೆ."

"ಕತ್ತಲೆ ಇತ್ತು."

"ನೂಲು ಕಟ್ಟಿದ್ದು ಸಂಜೆ. ಆಗಲೂ ಕತ್ತಲೆ ಇತ್ತಾ?"

ಅವನು ಎದ್ದು ನಿಂತ. ಮುಖ ಕೆಂಪೇರಿತು. "ನನ್ನ ಕಣ್ಣಿಗೆ ಎಂತದೂ ಆಗಿಲ್ಲ. ಬೇಕಾದರೆ ಎರಡೂ ತೊಗಟೆ ತಂದು ನನ್ನ ಎದುರು ಹಿಡಿ. ಪಾಲೆ ಯಾವುದು, ಕಾಸರಕ ಯಾವುದೆಂದು ಇಲ್ಲಿ ನಿಂತೇ ಹೇಳುತ್ತೇನೆ."

ಪ್ರಫುಲ್ಲಾ ತುಟಿ ಬಿಗಿಹಿಡಿದು ಅಂಗಳದಲ್ಲಿ ನಿಂತಲ್ಲಿಂದಲೇ ಎರಡೂ ಕೈಗಳನ್ನು ಅವನತ್ತ ಚಾಚಿದಳು.

ಸರ್ವೋತ್ತಮ ಕಣ್ಣು ಕಿರಿದು ಮಾಡಿ ಒಂದು ಕೈ ನೋಡಿದ, ಇನ್ನೊಂದು ಕೈ ನೋಡಿದ. ಮತ್ತೆ ಮನೆಯ ವ್ಯಾಜ್ಯಗಳನ್ನು ತೀರ್ಮಾನಿಸುವ ಅದೇ ಗಟ್ಟಿ ದನಿಯಲ್ಲಿ ಹೇಳಿದ:

"ಬಲಗೈಯದ್ದು ಪಾಲೆ."

ಚಾಚಿದ ಎರಡೂ ಖಾಲಿ ಅಂಗೈಗಳಲ್ಲಿ ಮಳೆನೀರು ತುಂಬುತ್ತಿತ್ತು.