ಓಡಿಹೋದ ಅಶ್ವತ್ಥಮ್ಮ

“ಮೊದಲು ಕ್ಷಮೆ, ಆಮೇಲೆ ಕಾಫಿ,” ಎಂದು ಅಂಬರೀಶ ಕಾರಿನ ಬಾಗಿಲು ತೆಗೆದ.

ಕೊಂಡಪ್ಪ ಮೇಷ್ಟ್ರು ಇಳಿದರು. ಸಾಸಲಿನ ಆಚೆಯ ಸಣ್ಣ ಹಳ್ಳಿ. ಅರಳಿಕಟ್ಟೆಯ ಪಕ್ಕ ಕತ್ತಿ ಹಿಡಿದು ನಿಂತ ವೀರಮಾತೆ ಅಶ್ವತ್ಥಮ್ಮನ ಪ್ರತಿಮೆ, ಸುತ್ತ ಊರಿನ ಜನ. ಮೇಷ್ಟ್ರು ಮೂರು ಕವನ ಸಂಕಲನ ತಂದಾಗ ದೊಡ್ಡಬಳ್ಳಾಪುರದ ನಾಯಿಯೂ ಮೂಸಿರಲಿಲ್ಲ. ಹೊಸ ಐತಿಹಾಸಿಕ ಕಾದಂಬರಿಗೆ ಮಾತ್ರ ಒಂದೇ ವಾರದಲ್ಲಿ ಇಷ್ಟು ಓದುಗರು. ಅದರಲ್ಲಿ ಅಶ್ವತ್ಥಮ್ಮ ಕೋಟೆ ಕಾಯುತ್ತ ಸಾಯುವುದಿಲ್ಲ. ಹೆದರಿ ಓಡಿಹೋಗಿ, ಮುದುಕಿಯಾಗುವವರೆಗೆ ಬದುಕುತ್ತಾಳೆ. ಮೊದಲ ಕಾದಂಬರಿಯಲ್ಲಿ ಅವಳನ್ನು, ಅಷ್ಟು ಚಿಕ್ಕ ಹುಡುಗಿಯನ್ನು, ಕೋಟೆಯಲ್ಲಿ ಸಾಯಲು ಬಿಟ್ಟದ್ದು ಮೇಷ್ಟ್ರನ್ನು ಎಷ್ಟೋ ವರ್ಷ ಕಾಡಿತ್ತು.

“ಆಧಾರ ಇಲ್ದೆ ಒಂದು ಸಾಲೂ ಬರೀಬೇಡಿ ಅಂತ ಭಾನುವಾರದ ಬರವಣಿಗೆ ಕ್ಲಾಸಲ್ಲಿ ನೀವೇ ಹೇಳ್ಕೊಟ್ಟಿದ್ದು,” ಎಂದ ಅಂಬರೀಶ. ಒಂದು ಕಾಲದ ಶಿಷ್ಯ, ಈಗ ಪ್ರತಿಮೆ ಸಮಿತಿಯ ಅಧ್ಯಕ್ಷ. “ನಮ್ಮಮ್ಮ ಓಡೋದ್ಲು ಅನ್ನೋಕೆ ಆಧಾರ ಎಲ್ಲಿ ಸಾರ್?”

“ಇಲ್ಲಪ್ಪ.”

“ಮೊದಲನೇ ಕಾದಂಬರೀಲಿ ಸತ್ಯ ಬರ್ದಿದ್ರಿ, ಅದನ್ನ ಓದೇ ಈ ಪ್ರತಿಮೆ ನಿಲ್ಸಿದ್ವಿ. ವಯಸ್ಸಾದ್ಮೇಲೆ ಯಾಕೆ ಸಾರ್ ಸುಳ್ಳಿನ ಸಹವಾಸ?”

ಮೇಷ್ಟ್ರಿಗೆ ಮೈಯೆಲ್ಲ ಉರಿಯಿತು. ಕ್ಷಮೆ ಕೇಳಿದರೆ ಆರು ವರ್ಷ ಕೂತು ಬರೆದ ಪುಸ್ತಕ ರದ್ದಿಗೆ. ಇರುವ ವಿಷಯ ಇದ್ದ ಹಾಗೆ ಹೇಳಿ ಹೊರಟುಬಿಡುವುದೆಂದೇ ಅವರು ಬಂದಿದ್ದರು. ಬಾಯಿ ತೆರೆದರು.

ಅಷ್ಟರಲ್ಲಿ ಮುನಿವೆಂಕಟಮ್ಮ ಎಂಬ ನಡುವಯಸ್ಸಿನ ಹೆಂಗಸು ಮುಂದೆ ಬಂದು ಅವರ ಕೈ ಹಿಡಿದಳು.

“ಗಂಡ ಸತ್ತಾಗ ಬಾವಿಗೆ ಬೀಳೋಕೆ ಹೊಂಟಿದ್ದೆ ಸಾಮಿ. ದಾರೀಲಿ ಈ ತಾಯಿ ಮುಖ ನೋಡ್ದೆ. ಅಷ್ಟು ದೊಡ್ಡ ದಂಡಿಗೆ ಒಬ್ಳೇ ಎದುರು ನಿಂತ್ಲು, ನನ್ ಕೈಲಿ ಎರಡು ಮಕ್ಳು ಸಾಕಕ್ಕಾಗಲ್ವಾ ಅಂತ ವಾಪಸ್ ಬಂದೆ. ಅವಳು ಓಡೋಗಿದ್ದು ದಿಟವಾ?”

ಮೇಷ್ಟ್ರಿಗೆ ಜನರ ಮೇಲೆ ಸಿಟ್ಟಿತ್ತು. ತಮ್ಮ ಮೇಲೆ ಅದಕ್ಕಿಂತ ಹೆಚ್ಚು ಹೇಸಿಗೆ.

“ಇಲ್ಲಮ್ಮ, ಓಡೋಗ್ಲಿಲ್ಲ. ಅದು ನಾನು ಕಟ್ಟಿದ ಕತೆ.”

“ಅದನ್ನ ತಾಯಿಗೆ ಹೇಳಿ,” ಎಂದ ಅಂಬರೀಶ.

ಮೇಷ್ಟ್ರು ಚಪ್ಪಲಿ ಬಿಟ್ಟರು. ಪ್ರತಿಮೆಯ ಪಾದಕ್ಕೆ ಹಣೆ ಹಚ್ಚಿ ತಪ್ಪಾಯಿತೆಂದರು. ಅಂಗಡಿಗಳಿಂದ ಪುಸ್ತಕ ವಾಪಸ್ ತರಿಸುತ್ತೇನೆಂದರು. ಜನ ಚಪ್ಪಾಳೆ ತಟ್ಟಿದರು.

“ದೊಡ್ಡ ತಾಯಿ, ಕ್ಷಮಿಸ್ತಾಳೆ ಬಿಡಿ,” ಎಂದು ಅಂಬರೀಶ ಸಮಾಧಾನ ಮಾಡಿದ.

ಮೊದಲ ಕಾದಂಬರಿಯ ಯುದ್ಧದ ಅಧ್ಯಾಯ ಸಪ್ಪೆಯಾಯಿತೆಂದು ಮೇಷ್ಟ್ರು ಒಂದು ಮಧ್ಯಾಹ್ನ ಕೂತು ಹುಟ್ಟಿಸುವವರೆಗೆ, ಅಶ್ವತ್ಥಮ್ಮ ಎಂಬ ಆ ವೀರಮಾತೆ ಈ ಭೂಮಿಯ ಮೇಲೆ ಇರಲೇ ಇಲ್ಲ.