ಷಟರಿನ ಕೆಳಗೆ ಎರಡು ಬೆರಳು

ಷಟರಿನ ಸ್ಪ್ರಿಂಗು ಕಿತ್ತುಕೊಂಡ ಸದ್ದು ಬೀದಿಗೆಲ್ಲ ಕೇಳಿಸಿತು. ಹಿಂದೆಯೇ ಬಂದ ಕೂಗು ಮಾತ್ರ ಪಕ್ಕದಂಗಡಿಯ ಟೈಲರನ ಎದೆಗೇ ನಾಟಿತು. ಆ ದನಿ ಅವನ ಅಕ್ಕನ ಗಂಡನದು.

ತನ್ನ ಹೇರ್ ಕಟಿಂಗ್ ಅಂಗಡಿಯ ಹೊಸ್ತಿಲಲ್ಲಿ ಭಾವ ಮೊಣಕಾಲೂರಿ ಕೂತಿದ್ದ. ಅರ್ಧಕ್ಕೆ ಎತ್ತಿದ್ದ ಷಟರು ಜಾರಿ ಬಿದ್ದು, ಬಲಗೈಯ ಎರಡು ಬೆರಳುಗಳ ತುದಿಯನ್ನು ಹೊಸ್ತಿಲಿಗೆ ಒತ್ತಿ ಹಿಡಿದಿತ್ತು. ಗಿರಾಕಿಗಳ ಬೆಂಚು ಯಾರ ಅಂಗಡಿ ಮುಂದಿರಬೇಕು ಅನ್ನುವ ಹುಲ್ಲುಕಡ್ಡಿಯಂಥ ಮಾತು ಗುಡ್ಡವಾಗಿ, ಎರಡು ವರ್ಷದಿಂದ ಇಬ್ಬರೂ ಎದುರಾದರೆ ಮುಖ ತಿರುಗಿಸುತ್ತಿದ್ದರು. ಟೈಲರನಿಗೆ ಈಗ ಅದೊಂದೂ ನೆನಪಾಗಲಿಲ್ಲ.

“ಕೈ ಎಳೀಬೇಡಿ ಭಾವ! ಚರ್ಮ ಕಿತ್ತು ಬರುತ್ತೆ. ನಾನು ಎತ್ತೋವರೆಗೂ ಹಾಗೇ ಇರಿ.”

ತನ್ನಂಗಡಿಯ ಷಟರು ಎಳೆಯುವ ಕಬ್ಬಿಣದ ಸಲಾಕೆ ತಂದು, ಸಂದಿಗೆ ತೂರಿಸಿ, ಹೆಗಲು ಕೊಟ್ಟು ಮೀಟಿದ. ಬೆರಳು ಹೊರಬಂದವು. ನಡುಬೆರಳು ತರಚಿತ್ತು ಅಷ್ಟೇ. ಉಂಗುರದ ಬೆರಳಿನ ಉಗುರು ಆಗಲೇ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತಿತ್ತು. ಭಾವ ಎಡಗೈಯಿಂದ ಗಸಗಸ ಉಜ್ಜಲು ಹೋದ.

“ಉಜ್ಜಬೇಡಿ. ಕೈ ಎದೆಗಿಂತ ಮೇಲೆ ಎತ್ತಿ ಹಿಡೀರಿ.” ತಣ್ಣೀರಲ್ಲಿ ಅದ್ದಿದ ಬಟ್ಟೆ ಸುತ್ತುತ್ತಾ ಟೈಲರ್ ಹೇಳಿದ, “ಮೊದಲು ಈ ಉಂಗುರ ಬಿಚ್ಚಬೇಕು.”

“ಇರ್ಲಿ ಬಿಡೋ. ಮದುವೆದು. ಇಪ್ಪತ್ತು ವರ್ಷದಿಂದ ತೆಗೆದಿಲ್ಲ.”

“ಗೊತ್ತು. ಬೆರಳು ಊದಿಕೊಂಡರೆ ಇದೇ ಉರುಳಾಗುತ್ತೆ. ಹಿಂದೆ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿದ್ದಾಗ ನನ್ನ ಪಕ್ಕದ ಮಿಷನ್ನಿನವಳು ಹೀಗೇ ಅಸಡ್ಡೆ ಮಾಡಿ ಬೆರಳೇ ಕಳಕೊಂಡಳು.”

ಭಾವನ ಮುಖ ಬಿಳಿಚಿಕೊಂಡಿತು. ಕತ್ತರಿಗೆ ತೂರಿಸುವ ಬೆರಳು ಅದು. ಮನೆಯ ನಾಲ್ಕು ಹೊಟ್ಟೆ ತುಂಬುವುದು ಅದರಿಂದಲೇ. ಕೈ ಮುಂದಕ್ಕೆ ಒಡ್ಡಿದ.

ಸೋಪಿಗೆ ಉಂಗುರ ಜಗ್ಗಲಿಲ್ಲ. ಟೈಲರ್ ರೇಷ್ಮೆ ದಾರದ ತುದಿಯನ್ನು ಉಂಗುರದ ಅಡಿಯಿಂದ ತೂರಿಸಿ, ಉಳಿದದ್ದನ್ನು ಗೆಣ್ಣಿನ ಮೇಲೆ ಒತ್ತೊತ್ತಾಗಿ ಸುತ್ತಿದ. ತೂರಿಸಿದ ತುದಿ ಹಿಡಿದು ಒಂದೊಂದೇ ಸುತ್ತು ಬಿಚ್ಚಿದಂತೆ ಉಂಗುರ ಗುಲಗಂಜಿಯಷ್ಟು ಗುಲಗಂಜಿಯಷ್ಟೇ ಮುಂದಕ್ಕೆ ಜರುಗಿತು.

“ನೋವಾದ್ರೆ ಬೈಯಿರಿ ಭಾವ.”

“ಬೈಗುಳ ಎರಡು ವರ್ಷದಿಂದ ಕೂಡಿಟ್ಟಿದ್ದೀನಿ ಕಣೋ. ನೀನು ಕೆಲಸ ನೋಡು.”

ಉಂಗುರ ಗೆಣ್ಣು ದಾಟಿ ಟೈಲರನ ಅಂಗೈಗೆ ಬಿತ್ತು. ಇಬ್ಬರೂ ಒಟ್ಟಿಗೆ ಉಸಿರು ಬಿಟ್ಟರು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ, ಬೆರಳ ತುದಿಯ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು ತೋರಿಸಿದರು. ಉಗುರಿಗೆ ಸಣ್ಣ ತೂತು ಮಾಡಿ ಒಳಗೆ ಕಟ್ಟಿದ್ದ ಕಪ್ಪುರಕ್ತ ಹರಿಸಿದಾಗ, ಭಾವನ ಬಿಗಿದ ದವಡೆ ಸಡಿಲವಾಯಿತು.

“ಒಂದು ತಿಂಗಳು ಕತ್ತರಿ ಮುಟ್ಟಬೇಡಿ. ಬೆರಳು ಮರಗಟ್ಟಿದ್ರೆ, ಕೀವು ಕಂಡ್ರೆ ತಕ್ಷಣ ಬನ್ನಿ. ಉಂಗುರ ಬೇಗ ತೆಗೆದದ್ದು ಒಳ್ಳೇದಾಯ್ತು.” ಪಟ್ಟಿ ಕಟ್ಟುತ್ತಾ ಡಾಕ್ಟರಮ್ಮ ಟೈಲರನ ಕಡೆ ನೋಡಿದರು. “ಇವರು ನಿಮಗೆ ಏನಾಗಬೇಕು?”

ಟೈಲರ್ ನೆಲ ನೋಡಿದ. ಉತ್ತರ ಕೊಟ್ಟದ್ದು ಭಾವ.

“ನನ್ನ ಹೆಂಡ್ತಿ ತಮ್ಮ, ಡಾಕ್ಟ್ರೇ.” ಆಮೇಲೆ ಟೈಲರನ ಕಿವಿಯ ಹಿಂದೆ ಇಲಿ ಕಡಿದಂತಿದ್ದ ಕೂದಲನ್ನು ಎಡಗೈ ಬೆರಳಿಂದ ಎತ್ತಿ ತೋರಿಸಿದ. “ಎರಡು ವರ್ಷದಿಂದ ಬೇರೆಯವರಿಗೆ ತಲೆ ಕೊಡ್ತಿದ್ದಾನೆ. ನೋಡಿ, ಏನು ಗತಿ ಮಾಡಿ ಕಳಿಸಿದ್ದಾರೆ!”