ಮಗುಚಿದ ಅಂಗೈ

“ಇಷ್ಟು ದೊಡ್ಡ ರಾಜಧಾನೀಲಿ ಈಯಮ್ಮನ್ನ ತಡೆಯೋರು ಯಾರೂ ಇರ್ಲಿಲ್ವಾ?” ಬಸದಿಯ ಹಿಂದೆ, ಅನ್ನನೀರು ಬಿಟ್ಟು ದೇಹ ತ್ಯಜಿಸಿದ ಹೆಂಗಸಿನ ನಿಷಿಧಿಗಲ್ಲಿನ ಮುಂದೆ ಪ್ರವಾಸಿಯೊಬ್ಬ ಕೇಳಿದ. ಹಳೇಬೀಡಿನಡಿ ಹೂತುಹೋದ ದೋರಸಮುದ್ರವನ್ನು ಬಂದವರಿಗೆಲ್ಲ ತೋರಿಸುವ ಪುಷ್ಪದಂತ ಎಂದಿನ ಉತ್ತರವನ್ನೇ ಕೊಟ್ಟ: “ತಡೆಯೋದು ಪಾಪ ಕಣ್ರೀ. ಮಗನಾದವನು ಪಕ್ಕದಲ್ಲಿ ಕೂತು ಣಮೋಕಾರ ಮಂತ್ರ ಹೇಳ್ಬೇಕು, ಅಷ್ಟೆ.”

ಮಧ್ಯಾಹ್ನ ಮನೆಗೆ ಬಂದಾಗ ತಾಯಿ ಧರ್ಮಾವತಿ ಚಾಪೆಯ ಮೇಲೆ ಕುಳಿತಿದ್ದರು. ಸಲ್ಲೇಖನ ವ್ರತ ಹಿಡಿದು ಅನ್ನ ಬಿಟ್ಟವರಿಗೆ ಉಳಿದಿದ್ದುದು ಬೊಗಸೆ ನೀರೊಂದೇ. ಅವನು ತಂಬಿಗೆ ಬಗ್ಗಿಸಿದ. ಚಾಚಿದ್ದ ಅಂಗೈಯನ್ನು ಅವರು ಮೆಲ್ಲಗೆ ಮಗುಚಿದರು. ನೀರು ನೆಲದ ಮೇಲೆ ಹರಿಯಿತು.

“ಇದೂ ಸಾಕು ಕಣಪ್ಪ. ಇನ್ನು ಣಮೋಕಾರ ಹೇಳು.”

ಪುಷ್ಪದಂತ ಪಕ್ಕದಲ್ಲಿ ಕುಳಿತ, ಕೈಮುಗಿದ, ಬಾಯಿ ತೆರೆದ. “ಒಂದೇ ಒಂದು ಗುಟುಕು ಕುಡಿಯಮ್ಮ,” ಎಂಬುದಷ್ಟೇ ಬಂತು.